ಸೈಕಲ್ಲಿನ ಹಿಂದಿನ ಗಾಡಿ

ಸೈಕಲ್ಲು ಒಬ್ಬಂಟಿಗನ ವಾಹನವೆಂದು ನಾವು ನಂಬಿದ್ದೇವೆ. ಎತ್ತು ಬೇಡ, ಕುದುರೆ ಬೇಡ, ಎಣ್ಣೆ ಬೇಡ. ತನ್ನ ಕಾಲೇ ತನಗೆ ಬಲ. ಆದರೆ ನೂರಾರು ಮೈಲಿ ತುಳಿಯಹೊರಟವನ ಹಿಂದೆ ಎಷ್ಟೋ ಸಲ ಒಂದು ಜೀಪೋ ವ್ಯಾನೋ ಬರುತ್ತಿರುತ್ತದೆ. ಅದರಲ್ಲಿ ನೀರು, ಬಾಳೆಹಣ್ಣು, ಬದಲಿ ಟೈರು, ಪಂಪು, ಔಷಧ. ಇವೆಲ್ಲಕ್ಕೂ ಮಿಗಿಲಾಗಿ ಒಬ್ಬ ಡ್ರೈವರು. ಪ್ರವಾಸ ಮುಗಿದಾಗ ಹಾರ ಬೀಳುವುದು ತುಳಿದವನ ಕೊರಳಿಗೆ. ಇದು ನ್ಯಾಯವೇ ಎಂದು ಕೇಳಬಹುದು. ಕೊಡಗಿನ ದಾರಿಗಳ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆ ಸೈಕಲ್ಲಿಗಿಂತ ಹಳೆಯದೆಂದು ತಿಳಿಯುತ್ತದೆ.

ಕೊಡಗು ಪರರಿಗೆ ಸುಲಭವಾಗಿ ದಾರಿ ಕೊಟ್ಟ ನಾಡಲ್ಲ. ಬೆಟ್ಟ, ಕಾಡು, ಮಳೆ ಇವು ಪ್ರಕೃತಿ ಕಟ್ಟಿದ ಕೋಟೆ. ಅದಕ್ಕೆ ಮನುಷ್ಯರು ಸೇರಿಸಿದ್ದು ಕಡಂಗ. ಆಳವಾದ ಕಂದಕ, ಪಕ್ಕದಲ್ಲಿ ಎತ್ತರದ ಏರಿ. 1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ನಾಲ್ಕು ದಿಕ್ಕುಗಳಿಂದ ಈ ನಾಡನ್ನು ಹೊಕ್ಕಿತು. ಉತ್ತರದ ಮತ್ತು ಪಶ್ಚಿಮದ ತುಕಡಿಗಳು ಪೆಟ್ಟು ತಿಂದು ಹಿಮ್ಮೆಟ್ಟಿದವು. ಲಿಂಡ್ಸೆ ಮೈಸೂರಿನ ಕಡೆಯಿಂದ ಬಂದು ಮಡಿಕೇರಿಯನ್ನು ಹಿಡಿದನು. ಫೌಲಿಸ್ ಕಣ್ಣೂರಿನ ಕಡೆಯಿಂದ ಹೆಗ್ಗಳದ ಘಟ್ಟವನ್ನು ಹತ್ತಿದನು. ಮೇ ತಿಂಗಳಲ್ಲಿ ಚಿಕ್ಕವೀರರಾಜೇಂದ್ರನ ರಾಜ್ಯ ಕಂಪನಿಗೆ ಸೇರಿತು. ಸೇನಾಪತಿಗಳ ಹೆಸರುಗಳನ್ನು ಶಾಲೆಯ ಹುಡುಗರೂ ಒಪ್ಪಿಸಬಲ್ಲರು. ಅವರ ಅಕ್ಕಿಯನ್ನೂ ಮದ್ದುಗುಂಡನ್ನೂ ಹೊತ್ತು ಘಟ್ಟ ಹತ್ತಿದವರನ್ನು ಚರಿತ್ರೆ ‘ಕೂಲಿಗಳು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿತು.

ದಂಡಿನ ಹಿಂದೆ ಕಾಫಿ ಬಂತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ತೋಟ ಮಾಡಿದ ಮೇಲೆ ಬಿಳಿಯ ತೋಟಗಾರರ ಸಾಲೇ ಹತ್ತಿತು. ಬೆಳೆದ ಕಾಫಿ ಸಮುದ್ರವನ್ನು ಮುಟ್ಟಬೇಕಲ್ಲವೆ? ರೈಲು ಕೊಡಗಿಗೆ ಅಂದು ಬರಲಿಲ್ಲ, ಇಂದಿಗೂ ಬಂದಿಲ್ಲ. ಪೆರುಂಬಾಡಿಯ ಘಟ್ಟವಿಳಿದು ತಲಚೇರಿಗೆ, ಸಂಪಾಜೆಯ ಘಟ್ಟವಿಳಿದು ಮಂಗಳೂರಿಗೆ, ಬಯಲಿನ ಕಡೆ ಹುಣಸೂರಿಗೆ ಮೂಟೆಗಳನ್ನು ಒಯ್ದದ್ದು ಎತ್ತಿನ ಗಾಡಿ. ಇಳಿಜಾರಿನಲ್ಲಿ ಎತ್ತಿನ ಮೇಲೆ ಭಾರ ಬೀಳದಂತೆ ತಡೆಯುವುದು, ಏರಿನಲ್ಲಿ ನಿಂತರೆ ಚಕ್ರಕ್ಕೆ ಕಲ್ಲು ಕೊಡುವುದು, ಗಾಡಿಯಡಿಯ ಲಾಟೀನಿನ ಬೆಳಕಿನಲ್ಲಿ ರಾತ್ರಿ ಕಳೆಯುವುದು, ಇವೆಲ್ಲ ಗಾಡಿಯವನ ವಿದ್ಯೆ. ಮೂಟೆಯ ಮೇಲೆ ಮಾತ್ರ ತೋಟದ ಹೆಸರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ತೋಟಗಳಿಗೆ ಜೀಪು ಬಂತು. ಗಾಡಿಯವನ ಜಾಗದಲ್ಲಿ ಡ್ರೈವರು ಕುಳಿತನು. ಇಂದು ದೂರದ ಸವಾರನ ಹಿಂದೆ ಬರುವವನು ಇದೇ ಪರಂಪರೆಗೆ ಸೇರಿದವನು.

ಇಲ್ಲಿ ಸೈಕಲ್ ಜಗತ್ತಿನ ಒಂದು ಹಳೆಯ ವಾದವನ್ನು ನೆನೆಯಬೇಕು. ‘ಟೂರ್ ದ ಫ್ರಾನ್ಸ್’ 1903ರಲ್ಲಿ ಹುಟ್ಟಿತು. ಮುರಿದದ್ದನ್ನು ಸವಾರನೇ ಸರಿಮಾಡಿಕೊಳ್ಳಬೇಕೆಂಬುದು ಅಂದಿನ ಕಟ್ಟುನಿಟ್ಟಾದ ನಿಯಮ. 1913ರಲ್ಲಿ ಟುರ್ಮಲೆ ಎಂಬ ಘಟ್ಟದಲ್ಲಿ ಯೂಜಿನ್ ಕ್ರಿಸ್ತೋಫನ ಸೈಕಲ್ಲಿನ ಮುಂದಿನ ಕವೆ ಮುರಿಯಿತು. ಅವನು ಅದನ್ನು ಹೊತ್ತುಕೊಂಡು ಹಲವು ಮೈಲಿ ನಡೆದು, ಕೆಳಗಿನ ಹಳ್ಳಿಯ ಕುಲುಮೆಯಲ್ಲಿ ತನ್ನ ಕೈಯಿಂದಲೇ ಬೆಸೆದನು. ಆದರೆ ತಿದಿ ಒತ್ತಲು ಒಬ್ಬ ಹುಡುಗ ನೆರವಾದನೆಂದು ಪಂಚರು ಅವನಿಗೆ ದಂಡ ವಿಧಿಸಿದರು! ನೆರವಾದವನು ದಾಖಲೆಗೆ ಬಂದನು, ಆದರೆ ಅಪರಾಧದ ಕಾರಣನಾಗಿ.

ಆ ಕಟ್ಟುನಿಟ್ಟು ಈಗ ಪೂರ್ಣವಾಗಿ ಉಳಿದಿಲ್ಲ. ಪೂರ್ಣವಾಗಿ ಹೋಗಿಯೂ ಇಲ್ಲ. ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸುಮಾರು 1,200 ಕಿ.ಮೀ.ಗಳ ಸವಾರಿಗೆ ಹೆಚ್ಚೆಂದರೆ 90 ಗಂಟೆಗಳ ಅವಧಿ. ಅಲ್ಲಿ ನೆರವಿನ ವಾಹನ ತಪಾಸಣೆಯ ಠಾಣೆಗಳಲ್ಲಿ ಮಾತ್ರ ಸವಾರನನ್ನು ಮುಟ್ಟಬಹುದು. ಇದಕ್ಕೆ ತದ್ವಿರುದ್ಧವಾದದ್ದು 1982ರಲ್ಲಿ ಆರಂಭವಾದ, ಅಮೆರಿಕೆಯನ್ನು ಅಡ್ಡಹಾಯುವ ಸುಮಾರು 4,800 ಕಿ.ಮೀ.ಗಳ ಪಂದ್ಯ. ಅಲ್ಲಿ ರಾತ್ರಿ ವೇಳೆ ವಾಹನ ಬೆನ್ನಿಗಿರಲೇಬೇಕು. ಸೇನೆಯ ವೈದ್ಯರಾದ ಶ್ರೀನಿವಾಸ್ ಗೋಕುಲನಾಥ್ 2017ರಲ್ಲಿ ಅದನ್ನು ಏಕಾಂಗಿಯಾಗಿ ಮುಗಿಸಿದ ಮೊದಲ ಭಾರತೀಯರೆನಿಸಿದರು. ಸಾಧನೆ ದೊಡ್ಡದು, ಸಂದೇಹವಿಲ್ಲ. ಆದರೆ ‘ಏಕಾಂಗಿ’ ಎಂಬ ಮಾತನ್ನು ಗಮನಿಸಬೇಕು: ತುಳಿದವರು ಒಬ್ಬರು, ಹಗಲಿರುಳು ಎಚ್ಚರವಾಗಿದ್ದವರು ಹಲವರು. ನಮ್ಮ ಸೀಮೆಯಲ್ಲಿಯೂ ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ನೀಲಗಿರಿಯ ಪ್ರವಾಸವನ್ನು ಆರಂಭಿಸಿದಾಗಿನಿಂದ ಸಾಮಾನಿನ ಗಾಡಿ, ದುರಸ್ತಿಯವರು, ವೈದ್ಯರು ಜೊತೆಗೇ ಸಾಗುವ ಪದ್ಧತಿ ಪರಿಚಿತವಾಗಿದೆ.

ಕೊಡಗಿನ ದಾರಿಯಲ್ಲಿ ಈ ನೆರವಿನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ.; ಏರು ಸೌಮ್ಯವಾದದ್ದು. ಸಂಪಾಜೆಯ ಕಡೆಯಿಂದ ಬರುವವನಾದರೋ ಅದಕ್ಕೂ ಕಡಮೆ ದೂರದಲ್ಲಿ ಸುಮಾರು ಸಾವಿರ ಮೀಟರು ಮೇಲೇರಬೇಕು. ಸವಾರನು ಗಂಟೆಗೆ ಎಂಟು ಹತ್ತು ಕಿ.ಮೀ. ವೇಗದಲ್ಲಿ ತೆವಳುವಾಗ ಹಿಂದಿನವನು ಮೊದಲ ಗೇರಿನಲ್ಲೇ ಕಾಯಬೇಕು. ತೀರ ಹತ್ತಿರ ಬಂದರೆ ಸವಾರನ ಮುಖಕ್ಕೆ ಹೊಗೆ. ದೂರ ಉಳಿದರೆ ನಡುವೆ ಬಸ್ಸು ನುಗ್ಗುತ್ತದೆ. ತಿತಿಮತಿಯ ಕಾಡಿನಲ್ಲಿ ಆನೆ ಅಡ್ಡ ಬರುವುದುಂಟು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಕಡೆ ಗುಡ್ಡ ಕುಸಿದು ಮಂಗಳೂರಿನ ಹೆದ್ದಾರಿಯೇ ಮುಚ್ಚಿಹೋಯಿತು. ಎಲ್ಲಿ ನಿಲ್ಲಬೇಕು, ಎಲ್ಲಿ ಹಿಂತಿರುಗಬೇಕು ಎಂಬುದನ್ನು ಇಂಥ ಕಡೆ ಕಾಲಿನ ಬಲ ಹೇಳಿಕೊಡುವುದಿಲ್ಲ. ದಾರಿಯನ್ನು ಬಲ್ಲವನು ಹೇಳಬೇಕು.

ಹಾಗಾದರೆ ನೆರವು ಪಡೆದ ಸವಾರಿ ಸವಾರಿಯೇ ಅಲ್ಲವೇ? ಹಾಗೆನ್ನುವುದು ತಿದಿಯ ಹುಡುಗನಿಗಾಗಿ ದಂಡ ಹಾಕಿದ ಪಂಚರ ನ್ಯಾಯ. ನೆರವಿನಿಂದ ಸಾಧನೆ ಕುಂದುವುದಿಲ್ಲ. ನೆರವನ್ನು ಮರೆಮಾಡಿದರೆ ಸತ್ಯ ಕುಂದುತ್ತದೆ. ಹೊತ್ತವರ, ಗಾಡಿ ಹೊಡೆದವರ ಹೆಸರುಗಳನ್ನು ಬರೆದಿಡದೆ ನಾವು ಕಳೆದುಕೊಂಡದ್ದು ಬರಿಯ ಹೆಸರುಗಳನ್ನಲ್ಲ; ಆ ಘಟ್ಟಗಳನ್ನು ಅಂಗೈಯಂತೆ ಬಲ್ಲವರ ತಿಳಿವಳಿಕೆಯನ್ನೂ ಕಳೆದುಕೊಂಡೆವು. ಆ ನಷ್ಟವನ್ನು ಈಗ ತುಂಬಲಾಗದು. ಆದರೆ ಮುಂದಿನ ಪ್ರಶಸ್ತಿಪತ್ರದಲ್ಲಿ, ಸವಾರನ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗ ಧಾರಾಳವಾಗಿ ಉಂಟು.