ತಿಂಗಳಿಗೆ 2,000 ಗಜ

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೀತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು ಅಂತ ಸ್ಕೂಲಲ್ಲಿ ಓದಿದ್ದೇವೆ, ಕ್ವಿಜ್‌ನಲ್ಲಿ ಉತ್ತರ ಹೇಳಿ ಮಾರ್ಕ್ಸೂ ತಗೊಂಡಿದ್ದೇವೆ. ಆದರೆ ಅಲ್ಲಿ ಒಪ್ಪಿಗೆಯಾದ ಒಂದು ನಿಯಮ ಮಾತ್ರ ಯಾವ ಕ್ವಿಜ್‌ಗೂ ಬರಲ್ಲ. ಅಲ್ಲಿಯವರೆಗೆ ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಕಾಂಗ್ರೆಸ್ ಸದಸ್ಯತ್ವ ಸಿಗುತ್ತಿತ್ತು. ಇನ್ನು ಮುಂದೆ ದುಡ್ಡಿನ ಬದಲು ನೂಲು ಕೊಡಬೇಕು: ತಿಂಗಳಿಗೆ 2,000 ಗಜ.

2,000 ಗಜ ಅಂದ್ರೆ ಹೆಚ್ಚುಕಡಿಮೆ 1,829 ಮೀಟರ್. ದಿನಕ್ಕೆ ಹಂಚಿದರೆ ಸುಮಾರು 67 ಗಜ. ದಿನಾ ಅರ್ಧ ಗಂಟೆ ರಾಟೆ ಮುಂದೆ ಕೂತರೆ ಆಗಿಬಿಡುತ್ತೆ ಅನ್ನೋದು ಲೆಕ್ಕ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಇಡೀ ದೇಶಕ್ಕೆ ಒಂದು ಡೈಲಿ ಹ್ಯಾಬಿಟ್, ಅದಕ್ಕೊಂದು ಮಂತ್ಲಿ ಟಾರ್ಗೆಟ್. ಹೇಳುತ್ತಿರುವವರು ದೇಶದ ಅತಿ ದೊಡ್ಡ ನಾಯಕ. ಉದ್ದೇಶ ಒಳ್ಳೆಯದು, ಗುರಿ ಸಣ್ಣದು, ಅಳತೆ ಸ್ಪಷ್ಟ. ಆದರೂ ಒಂಬತ್ತೇ ತಿಂಗಳಲ್ಲಿ, 1925ರ ಸೆಪ್ಟೆಂಬರ್‌ನಲ್ಲಿ, ಪಾಟ್ನಾದಲ್ಲಿ ಈ ನಿಯಮವನ್ನ ಸಡಿಲಿಸಬೇಕಾಯ್ತು.

ವಿಚಿತ್ರ ಅಂದ್ರೆ ಅದೇ ಅಭ್ಯಾಸ ಗಾಂಧೀಜಿಯವರಲ್ಲಿ ಮಾತ್ರ ಕೊನೆಯವರೆಗೂ ಉಳೀತು. 1930ರ ದಂಡಿ ಯಾತ್ರೆಯಲ್ಲಿ, ದಿನವಿಡೀ ನಡೆದ ಮೇಲೂ, ಅವರ ಜೊತೆಗಿದ್ದವರಿಗೆ ಮೂರು ಕೆಲಸ ಕಡ್ಡಾಯವಾಗಿತ್ತು: ಪ್ರಾರ್ಥನೆ, ನೂಲುವುದು, ಡೈರಿ ಬರೆಯುವುದು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೊರಟಾಗ ಹಡಗಿನ ಮೇಲೂ ರಾಟೆ ತಿರುಗುತ್ತಿತ್ತು. ಒಬ್ಬರಲ್ಲಿ ದಶಕಗಳ ಕಾಲ ಬದುಕಿದ ಅಭ್ಯಾಸ ಒಂದು ಸಂಘಟನೆಯಲ್ಲಿ ಒಂದು ವರ್ಷವೂ ಯಾಕೆ ಬದುಕಲಿಲ್ಲ?

ಉತ್ತರ ಬೇಕಾದರೆ ಆ ಅಭ್ಯಾಸ ಹುಟ್ಟಿದ ರೀತಿ ನೋಡಬೇಕು. 1909ರ 'ಹಿಂದ್ ಸ್ವರಾಜ್'ನಲ್ಲಿ ಗಾಂಧೀಜಿ ಗಿರಣಿ ಬಟ್ಟೆಯ ವಿರುದ್ಧ, ಕೈಕಸುಬಿನ ಪರವಾಗಿ ಬರೆದರು. ತಮಾಷೆ ಏನು ಗೊತ್ತಾ? ಆಗ ಅವರು ರಾಟೆಯನ್ನ ಕಣ್ಣಲ್ಲೇ ನೋಡಿರಲಿಲ್ಲ! ಇದನ್ನ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1915ರಲ್ಲಿ ಭಾರತಕ್ಕೆ ಬಂದು ಆಶ್ರಮ ಕಟ್ಟಿದ ಮೇಲೆ ಮೊದಲು ಬಂದದ್ದು ಕೈಮಗ್ಗ. ಆದರೆ ಮಗ್ಗಕ್ಕೆ ಹಾಕೋಕೆ ನೂಲು ಬೇಕಲ್ಲ, ಅದು ಬರುತ್ತಿದ್ದದ್ದು ಗಿರಣಿಯಿಂದ. ಗಿರಣಿ ಬೇಡ ಅಂತ ಮಗ್ಗ ಹಿಡಿದವರು ನೂಲಿಗೆ ಮತ್ತೆ ಗಿರಣಿ ಬಾಗಿಲಿಗೇ ಹೋಗಬೇಕು. ಹಾಗಾಗಿ ರಾಟೆಯ ಹುಡುಕಾಟ ಶುರುವಾಯ್ತು. ನೂಲೋದು ಗೊತ್ತಿರೋರು ಸಿಗೋದೇ ಕಷ್ಟವಾಗಿತ್ತು. ಕೊನೆಗೆ ಗಂಗಾಬೆನ್ ಮಜ್ಮುದಾರ್ ಅನ್ನೋ ದಿಟ್ಟ ಹೆಣ್ಣುಮಗಳು ಊರೂರು ಅಲೆದು ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ರಾಟೆಗಳನ್ನ ಪತ್ತೆ ಮಾಡಿದರು. ಅಲ್ಲಿನ ಮನೆಗಳ ಅಟ್ಟ ಸೇರಿದ್ದ ರಾಟೆಗಳು ಕೆಳಗಿಳಿದವು. ನೂಲಬೇಕಾದರೆ ಹಂಜಿ ಬೇಕು, ಹಂಜಿ ಮಾಡಬೇಕಾದರೆ ಹತ್ತಿ ಹಿಂಜುವವರು ಬೇಕು. ಅದನ್ನೂ ಗಂಗಾಬೆನ್ನೇ ಹೊಂದಿಸಿದರು. ಮಗನ್‌ಲಾಲ್ ಗಾಂಧಿ ಆಶ್ರಮದಲ್ಲಿ ರಾಟೆಯನ್ನ ಸುಧಾರಿಸಿದರು. ಗಾಂಧೀಜಿಯವರ ಕೋಣೆಗೆ ರಾಟೆ ಬರುವ ಹೊತ್ತಿಗೆ ಅವರ ವಯಸ್ಸು ಐವತ್ತರ ಹತ್ತಿರ.

ಅಂದ್ರೆ ಮೊದಲು ಬಂದದ್ದು ಒಂದು ಮೌಲ್ಯ: ನಾನು ಉಡೋ ಬಟ್ಟೆ ಇನ್ನೊಬ್ಬರ ಅನ್ನ ಕಿತ್ತುಕೊಂಡು ಬಂದದ್ದಾಗಿರಬಾರದು. ಆ ಮೌಲ್ಯ ಕೇಳಿದ ಪ್ರಶ್ನೆಗೆ ಮಗ್ಗ ಅರ್ಧ ಉತ್ತರ ಕೊಟ್ಟಿತು, ಉಳಿದರ್ಧಕ್ಕೆ ರಾಟೆ ಬಂತು. ದಿನದ ಅಭ್ಯಾಸ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಪುಸ್ತಕ ಬರೆದು ಸುಮಾರು ಹತ್ತು ವರ್ಷವಾದ ಮೇಲೆ.

ಬೆಳಗಾವಿಯಲ್ಲಿ ಆದದ್ದು ಇದರ ಉಲ್ಟಾ. ಅಲ್ಲಿ ಮೊದಲು ಬಂದದ್ದು ಅಭ್ಯಾಸ. ಅಧಿವೇಶನಕ್ಕೂ ಆರು ತಿಂಗಳ ಮೊದಲು, ಅಹಮದಾಬಾದಿನ ಸಭೆಯಲ್ಲಿ, ಕಾಂಗ್ರೆಸ್ಸಿನ ಚುನಾಯಿತ ಪ್ರತಿನಿಧಿಗಳು ನೂಲಲೇಬೇಕು, ಇಲ್ಲದಿದ್ದರೆ ಸ್ಥಾನ ಬಿಡಬೇಕು ಅನ್ನೋ ಮಾತು ಬಂದಾಗ ಚಿತ್ತರಂಜನ್ ದಾಸ್ ಮತ್ತು ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷದವರು ಎದ್ದು ಹೊರನಡೆದಿದ್ದರು. ಶಿಕ್ಷೆಯ ಆ ಷರತ್ತನ್ನ ಕೈಬಿಡಬೇಕಾಯ್ತು. ಅವರಿಗೆ ಸ್ವರಾಜ್ಯ ಬೇಕಿರಲಿಲ್ಲ ಅಂತಲ್ಲ. ಅವರ ದಾರಿ ಶಾಸನಸಭೆಯ ಒಳಗೆ ಹೋಗಿ ಜಗಳವಾಡೋದು. ರಾಟೆ ಅವರ ನಂಬಿಕೆಯಾಗಿರಲಿಲ್ಲ. ಕಾಂಗ್ರೆಸ್ ಒಡೆಯಬಾರದು ಅಂತ ನವೆಂಬರ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು. ಆ ರಾಜಿಯಲ್ಲಿ ಒಂದು ಸಣ್ಣ ಕಿಟಕಿ ಇತ್ತು: ಕಾಯಿಲೆ ಇದ್ದರೆ, ಅಥವಾ ನೂಲೋಕೆ ಮನಸ್ಸೇ ಇಲ್ಲದಿದ್ದರೆ, ಬೇರೆಯವರು ನೂತ 2,000 ಗಜವನ್ನ ಕೊಟ್ಟರೂ ನಡೆಯುತ್ತೆ.

ಮನಸ್ಸಿಲ್ಲದಿದ್ದರೆ ಕೊಂಡು ತಂದು ಒಪ್ಪಿಸಿ! ಆಫೀಸಲ್ಲಿ ಕಡ್ಡಾಯ ಟ್ರೈನಿಂಗ್ ವಿಡಿಯೋವನ್ನ ಮ್ಯೂಟ್‌ನಲ್ಲಿಟ್ಟು, ಇನ್ನೊಂದು ವಿಂಡೋದಲ್ಲಿ ಕೆಲಸ ಮಾಡ್ತಾ, ನಡುನಡುವೆ 'ನೆಕ್ಸ್ಟ್' ಒತ್ತುವವರನ್ನ ನೋಡಿದ್ದೀರಲ್ಲ? ಕೊನೆಗೆ ಸರ್ಟಿಫಿಕೇಟ್ ಬರುತ್ತೆ, ಕಲಿಕೆ ಬರಲ್ಲ. ಕೊಂಡು ತಂದ ನೂಲೂ ಅಷ್ಟೇ. ಗಜಕಡ್ಡಿ ಹಿಡಿದರೆ ಲೆಕ್ಕ ಸರಿ ಇರುತ್ತೆ, ಕೊಟ್ಟವನಲ್ಲಿ ಏನೂ ಬದಲಾಗಿರಲ್ಲ. ಪ್ರತಿ ತಿಂಗಳು ಈ ಶಾಸ್ತ್ರ ಮಾಡುವುದಕ್ಕಿಂತ ಸದಸ್ಯತ್ವ ಬಿಡೋದೇ ಸುಲಭ ಅಂತ ಅನೇಕರಿಗೆ ಅನಿಸಿತು. ಸದಸ್ಯರ ಸಂಖ್ಯೆ ಇಳೀತು.

ಅದೇ ಸೆಪ್ಟೆಂಬರ್‌ನಲ್ಲಿ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ ರವೀಂದ್ರನಾಥ ಟ್ಯಾಗೋರರ ಲೇಖನವೂ ಬಂತು. ಎಲ್ಲರೂ ಒಂದೇ ಚಕ್ರವನ್ನ ಒಂದೇ ಥರ ತಿರುಗಿಸಬೇಕು ಅನ್ನೋದು ಮನಸ್ಸನ್ನ ಜಡ ಮಾಡುತ್ತೆ, ಮನುಷ್ಯರು ಒಂದೇ ಅಚ್ಚಿನವರಲ್ಲ ಅನ್ನೋದು ಅವರ ತಕರಾರು. ಟ್ಯಾಗೋರರಿಗೆ ಹಳ್ಳಿಗಳ ಬಗ್ಗೆ ಕಾಳಜಿ ಇರಲಿಲ್ಲ ಅನ್ನುವ ಹಾಗಿಲ್ಲ. ಗ್ರಾಮಗಳ ಪುನರುಜ್ಜೀವನಕ್ಕೆ ಅಂತಲೇ 1922ರಲ್ಲಿ ಶ್ರೀನಿಕೇತನ ಶುರುಮಾಡಿದವರು ಅವರು. ಕಾಳಜಿ ಅದೇ, ಅದು ಹಿಡಿದ ದಿನಚರಿ ಬೇರೆ. ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಉತ್ತರ ಕೊಟ್ಟರು, ಸ್ನೇಹ ಕೆಡಲಿಲ್ಲ.

ಪಾಟ್ನಾದಲ್ಲಿ ಗಾಂಧೀಜಿ ಮಾಡಿದ್ದು ನನಗೆ ಈ ಇಡೀ ಕಥೆಯಲ್ಲೇ ಮುಖ್ಯ ಅನಿಸುತ್ತೆ. ಅವರು ರಾಟೆ ಬಿಡಲಿಲ್ಲ, ಎಲ್ಲರ ಮೇಲೆ ಹೇರೋದನ್ನ ಬಿಟ್ಟರು. ಕಾಂಗ್ರೆಸ್ ಸದಸ್ಯರಾಗೋಕೆ ನಾಲ್ಕಾಣೆ ಕೊಡಿ, ಇಲ್ಲವೇ ನೀವೇ ನೂತ ನೂಲು ಕೊಡಿ, ನಿಮ್ಮಿಷ್ಟ. ರಾಟೆಯನ್ನ ನಿಜವಾಗಿ ನಂಬುವವರಿಗಾಗಿ ಅಲ್ಲೇ 'ಅಖಿಲ ಭಾರತ ಚರಕಾ ಸಂಘ' ಬೇರೆಯಾಗಿ ಹುಟ್ಟಿತು. ಅಲ್ಲಿ ತಾನೇ ನೂತ ನೂಲೇ ಚಂದಾ, ಕೊಂಡು ತರುವ ಕಿಟಕಿ ಇಲ್ಲ. ನಿಯಮ ಮೊದಲಿಗಿಂತ ಬಿಗಿಯಾಯ್ತು, ಆದರೆ ಒಳಗೆ ಬಂದವರು ತಾವಾಗಿ ಬಂದವರು. 1929ರಲ್ಲಿ ಇದೇ ಸಂಘ ಒಳ್ಳೆಯ ರಾಟೆ ಮಾಡಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ರಾಟೆ ರೂಪುಗೊಂಡದ್ದು ಯರವಡಾ ಜೈಲಿನಲ್ಲಿ. ನಂಬಿಕೆ ಗಟ್ಟಿ ಇದೆ ಅಂತ ಅವರು ಸಲಕರಣೆಯನ್ನ ಕಡೆಗಣಿಸಲಿಲ್ಲ.

ನಮ್ಮ ಫೋನಲ್ಲಿ ಹ್ಯಾಬಿಟ್ ಟ್ರ್ಯಾಕರ್‌ಗಳಿಗೆ ಬರವಿಲ್ಲ. ಬೆಳಗ್ಗೆ ಐದಕ್ಕೆ ಏಳೋದು, ತಿಂಗಳಿಗೆ ನಾಲ್ಕು ಪುಸ್ತಕ, ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಇವುಗಳಲ್ಲಿ ಎಷ್ಟು ನಮ್ಮವು, ಎಷ್ಟು ಯಾವುದೋ ಪಾಡ್‌ಕಾಸ್ಟ್‌ನವರ 2,000 ಗಜ? ನಮ್ಮೂರಲ್ಲಿ ನಸುಕಿಗೇ ಎದ್ದು ಹಾಲು ಕರೆಯೋ ಹೆಂಗಸರು ಅದನ್ನ ಅಭ್ಯಾಸ ಅಂತ ಕರೆದದ್ದನ್ನ ನಾನು ಕೇಳಿಲ್ಲ. ಕೊಟ್ಟಿಗೆಯಲ್ಲಿ ಹಸು ಕಾಯ್ತಿರುತ್ತೆ, ಡೇರಿಗೆ ಹೊತ್ತಾಗುತ್ತೆ, ಏಳ್ತಾರೆ. ಏಳೋಕೆ ಕಾರಣ ಕೊಟ್ಟಿಗೆಯಲ್ಲೇ ಇದೆ. ನಮಗೆ ಹಸು ಇಲ್ಲ, ಕಾರಣವನ್ನ ನಾವೇ ಹುಡುಕಿಕೊಳ್ಳಬೇಕು. ದಿನಾ ರಾತ್ರಿ ಅಪ್ಪನಿಗೆ ಫೋನ್ ಮಾಡೋನಿಗೆ, ಮಗಳಿಗೆ ಕಥೆ ಓದಿ ಹೇಳೋಳಿಗೆ ಅದು ಸಿಕ್ಕಿರುತ್ತೆ. ಅವರಿಗೆ ರಿಮೈಂಡರ್ ಬೇಕಾಗಬಹುದು, ಬ್ಯಾಡ್ಜ್ ಬೇಕಾಗಲ್ಲ.

ಬೆಳಗಾವಿ ಅಧಿವೇಶನದ ಹೊಣೆ ಹೊತ್ತಿದ್ದವರು ಗಂಗಾಧರರಾವ್ ದೇಶಪಾಂಡೆ. ನಾಲ್ಕಾಣೆಯ ನಿಯಮ ವಾಪಸ್ ಬಂದ ಮೇಲೂ ಅವರು ಖಾದಿ ಬಿಡಲಿಲ್ಲ. ತಮ್ಮ ಊರು ಹುದಲಿಯಲ್ಲಿ ಅದನ್ನ ಬೆಳೆಸಿದರು, ಜನ ಅವರನ್ನ ಕರ್ನಾಟಕದ ಖಾದಿ ಭಗೀರಥ ಅಂತ ಕರೆದರು. 1937ರಲ್ಲಿ ಗಾಂಧೀಜಿ ಆ ಹಳ್ಳಿಗೇ ಬಂದು ಉಳಿದಿದ್ದರು. ಬೆಳಗಾವಿ ಕಡೆ ಹೋದಾಗ ಕುಂದಾ ಕಟ್ಟಿಸಿಕೊಂಡ ಮೇಲೆ ಹುದಲಿಗೂ ಒಂದು ಸುತ್ತು ಹೋಗಿಬನ್ನಿ. ಅಧಿವೇಶನದ ಆ ನಿಯಮ ಕಾಗದದಲ್ಲಷ್ಟೇ ಉಳಿದಿದೆ, ಹುದಲಿಯಲ್ಲಿ ಖಾದಿ ಕೆಲಸ ಉಳಿದಿದೆ.