ಸೂಲಿಯ ವಜೀರ

ಮಗರಪಟ್ಟಾದ ನಮ್ಮ ಕಟ್ಟಡದ ಕೆಳಗೆ ಸಂಜೆ ಮಕ್ಕಳು ಚೆಸ್ ಆಡ್ತಾರೆ. ಮೊನ್ನೆ ಒಬ್ಬ ಹುಡುಗ ಕೇಳಿದ: "ಟೀಚರ್, ಈ ಆಟ ಕಂಡುಹಿಡಿದಿದ್ದು ಅರಬರಾ?" ಅಲ್ಲಪ್ಪಾ, ನಮ್ಮ ಚತುರಂಗವೇ ಇರಾನಿನ ದಾರಿ ಹಿಡಿದು ಅರಬರಲ್ಲಿ ಶತ್ರಂಜ್ ಆಯ್ತು ಅಂದೆ.

ಅವನ ತಪ್ಪು ಹಳೆಯದೇ. 13ನೇ ಶತಮಾನದಲ್ಲೂ ಎಷ್ಟೋ ಜನ ಅಬೂಬಕರ್ ಅಸ್ಸೂಲಿಯೇ ಶತ್ರಂಜ್ ಕಂಡುಹಿಡಿದವರು ಅಂದುಕೊಂಡಿದ್ದರು. ಇತಿಹಾಸಕಾರ ಇಬ್ನ್ ಖಲ್ಲಿಕಾನ್ ಅದನ್ನು ತಿದ್ದಬೇಕಾಯಿತು. ಚೆನ್ನಾಗಿ ಆಡುವವನನ್ನು ಆಗ ಸೂಲಿಗೇ ಹೋಲಿಸುತ್ತಿದ್ದರು. ಸೂಲಿ ತೀರಿ ಮುನ್ನೂರು ವರ್ಷ ಆಗಿತ್ತು!

ಅವರು ತುರ್ಕಿ ಮೂಲದ ಮನೆತನದವರು, ಬಗ್ದಾದಿನ ಅಬ್ಬಾಸಿ ಆಸ್ಥಾನದ ಸಾಹಿತಿ. ಖಲೀಫ ಅಲ್-ಮುಕ್ತಫಿಯ (902–908) ಎದುರಲ್ಲೇ ಅವನ ಮೆಚ್ಚಿನ ಆಟಗಾರ ಅಲ್-ಮಾವರ್ದಿಯನ್ನು ಸೋಲಿಸಿದರು. ಮುಂದೆ ಖಲೀಫನಾದ ಅಲ್-ರಾದಿಗೆ ಗುರುವೂ ಆದರು.

ಆಗಿನ ವಜೀರ ಇಂದಿನ ಕ್ವೀನ್ ಅಲ್ಲ. ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ಎದುರಾಳಿಯ ರಾಜನನ್ನು ಒಂಟಿ ಮಾಡಿದರೂ ಗೆಲುವೇ. ಎರಡು ರಾಜ, ಎರಡು ವಜೀರ, ಇಷ್ಟೇ ಇಟ್ಟು ಸೂಲಿ ಒಂದು ಸಮಸ್ಯೆ ಕಟ್ಟಿದರು. ನಾನು ಕಲಿಸಿದವರ ಹೊರತು ಬೇರೆ ಯಾರೂ ಬಿಡಿಸಲಾರರು ಅಂತ ಬರೆದೂ ಇಟ್ಟರು. ಜಂಬ ಅನ್ನಿ. ಆದರೆ ಸಾವಿರ ವರ್ಷ ಅದು ಹಾಗೇ ಉಳಿಯಿತು. 1980ರ ದಶಕದಲ್ಲಿ ಸೋವಿಯತ್ ಗ್ರಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಬಿಡಿಸಿದರು.

940ರಲ್ಲಿ ಅಲ್-ರಾದಿ ತೀರಿದ ಮೇಲೆ ಆಸರೆ ತಪ್ಪಿತು. ಹಜ್ರತ್ ಅಲಿಯವರ ಬಗ್ಗೆ ಹೇಳಿದ ಒಂದು ಮಾತಿಗಾಗಿ ಕೊಲ್ಲಲು ಜನ ಹುಡುಕುತ್ತಿದ್ದರಂತೆ. 946ರ ಸುಮಾರಿಗೆ ಬಸ್ರಾದಲ್ಲಿ ಅಡಗಿಕೊಂಡಿದ್ದಾಗಲೇ ಸೂಲಿ ಕಣ್ಣುಮುಚ್ಚಿದರು.

ಹುಡುಗ ಆ ನಾಲ್ಕು ಕಾಯಿ ಜೋಡಿಸಿಕೊಂಡು ಕೂತಿದ್ದ. ಅವನ ಅಮ್ಮಿ ಎರಡು ಸಲ ಊಟಕ್ಕೆ ಕರೆದರು.