ತಾತಗುಣಿಯ ರೋರಿಕ್: ವರ್ಣ ಮತ್ತು ವನಸ್ಪತಿ

ಬೆಂಗಳೂರಿನ ಕನಕಪುರ ಮಾರ್ಗದ ತಾತಗುಣಿಯಲ್ಲಿ 400 ಎಕರೆಗೂ ಮಿಕ್ಕ ತೋಟ ಹೊಂದಿದ್ದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಕನ್ನಡಿಗರು ನಟಿ ದೇವಿಕಾರಾಣಿಯವರ ಪತಿಯೆಂದೇ ಹೆಚ್ಚಾಗಿ ಬಲ್ಲರು. ಅದು ಅವರ ಅರ್ಧ ಪರಿಚಯವೂ ಅಲ್ಲ.

1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಅವರು ಕುಂಚವಿದ್ಯೆಯನ್ನು ತಂದೆ ನಿಕೊಲಾಸ್ ರೋರಿಕ್‌ರಿಂದಲೂ ವಾಸ್ತುಶಾಸ್ತ್ರವನ್ನು ಅಮೆರಿಕದಲ್ಲಿಯೂ ಕಲಿತರು. 1928ರಲ್ಲಿ ತಂದೆ ಸ್ಥಾಪಿಸಿದ ‘ಉರುಸ್ವತಿ’ ಹಿಮಾಲಯ ಸಂಶೋಧನ ಸಂಸ್ಥೆ ಕುಲ್ಲು ಕಣಿವೆಯ ನಗ್ಗರಿನಲ್ಲಿ ನೆಲೆಗೊಂಡಾಗ, ಅಲ್ಲಿಯ ಸಸ್ಯ, ಮೂಲಿಕೆಗಳ ಅಧ್ಯಯನದಲ್ಲಿ ತೊಡಗಿದರು. ಆ ಅಭ್ಯಾಸವೇ ತಾತಗುಣಿಯಲ್ಲಿ ಫಲಿಸಿತೆನ್ನಬೇಕು. ಮೆಕ್ಸಿಕೋ ಮೂಲದ ಲಿನಾಲೋ ಮರಗಳನ್ನು ಅವರು ಅಲ್ಲಿ ಬೆಳೆಸಿದರು. ಅದರ ಕಾಯಿಸಿಪ್ಪೆಯಿಂದ ಭಟ್ಟಿಯಿಳಿಸಿದ ತೈಲವು ಸುಗಂಧದ್ರವ್ಯಗಳ ತಯಾರಿಕೆಗೆ ಬೇಕಾದುದು. ದಕ್ಷಿಣದ ದುಡಿಯುವ ಜನ ಅವರ ಚಿತ್ರಪಟಗಳಲ್ಲಿ ಉಜ್ವಲ ವರ್ಣಗಳಲ್ಲಿ ಮೂಡಿದರು. ಅಂತಹ ಹಲವು ಕೃತಿಗಳು ಇಂದು ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ.

ರೋರಿಕ್ 1993ರಲ್ಲಿಯೂ ದೇವಿಕಾರಾಣಿ 1994ರಲ್ಲಿಯೂ ನಿಧನರಾದರು. ಮಕ್ಕಳಿರಲಿಲ್ಲ. ತೋಟದ ಸ್ವಾಮ್ಯ ವಿವಾದಕ್ಕೆ ಸಿಲುಕಿತು. ರಾಜ್ಯ ಸರಕಾರ 1996ರ ಕಾಯಿದೆಯಿಂದ ಅದನ್ನು ವಶಪಡಿಸಿಕೊಂಡಿತು. 2011ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆಸ್ತಿಹಕ್ಕಿನ 300ಎ ವಿಧಿಯ ಚರ್ಚೆಯಲ್ಲಿ ನ್ಯಾಯವಾದಿಗಳು ಈಗಲೂ ಆ ತೀರ್ಪನ್ನು ಉದ್ಧರಿಸುತ್ತಾರೆ; ಲಿನಾಲೋ ನೆಟ್ಟವನ ಚಿತ್ರಗಳನ್ನು ಅವರಲ್ಲಿ ಎಷ್ಟು ಮಂದಿ ನೋಡಿರುವರೋ!